ಸಿಹಿಗುಂಬಳ ಬಿಟ್ಟ ನೀರು

ಶರತ್ಕಾಲ ಬಂತೆಂದರೆ ಸಕಾರ್ಯ ನದಿಯ ಬಯಲಿನ ಹಳ್ಳಿಗಳಲ್ಲಿ ಸಿಹಿಗುಂಬಳ ಇಡಲು ಜಾಗ ಸಾಲದು. ಜಗುಲಿ ತುಂಬಿ, ಕೊಟ್ಟಿಗೆ ತುಂಬಿ, ಕೊನೆಗೆ ಮಂಚದ ಕೆಳಗೂ ಕಾಯಿ ಉರುಳಿಸಿಟ್ಟಿರುತ್ತಾರೆ. ಸಬಿಹಾಳ ಮನೆಯಲ್ಲೂ ಅಷ್ಟೇ. ಆದರೆ ಈ ವರ್ಷ ಅವಳ ಮನಸ್ಸೆಲ್ಲ ಗಂಡ ನೆಜಾತಿಯ ಕಾಲಿನ ಮೇಲಿತ್ತು. ಕೊಯ್ಲಿನ ಸಮಯದಲ್ಲಿ ಬೂಟು ಕಚ್ಚಿ ಹೆಬ್ಬೆರಳ ಪಕ್ಕ ಆಗಿದ್ದ ಹುಣ್ಣು ಮಾಯುತ್ತಲೇ ಇರಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಗೆ ಬಾರದಿದ್ದರೆ ಬೆರಳು ತೆಗೆಯಬೇಕಾಗಬಹುದು ಎಂದು ಪಟ್ಟಣದ ಡಾಕ್ಟರು ಹೇಳಿ ಕಳಿಸಿದ್ದರು.

ಪಥ್ಯದ ವಿಷಯದಲ್ಲಿ ಅವಳು ಬಲು ಬಿಗಿ. ಬಕ್ಲಾವದಂಥ ಸಿಹಿತಿಂಡಿ ಹೊಸಿಲು ದಾಟಿ ಒಳಗೆ ಬರುವಂತಿರಲಿಲ್ಲ. ಚಹಾದ ಜೊತೆ ಸಕ್ಕರೆ ತುಂಡು ಇಲ್ಲ. ಮದುವೆ ಮನೆಯಿಂದ ಬಂದ ಹಲ್ವಾ ಗಂಡನ ಕಣ್ಣಿಗೆ ಬೀಳುವ ಮುಂಚೆಯೇ ಪಕ್ಕದ ಮನೆ ಸೇರಿತ್ತು. ಇಷ್ಟೆಲ್ಲ ಮಾಡಿದರೂ ಹಾಳು ಸಕ್ಕರೆ ಇಳಿಯಲೊಲ್ಲದು.

ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ಸೆವ್ದಾ ಗಾಯದ ಪಟ್ಟಿ ಬದಲಿಸಲು ಬಂದಾಗ ನೆಜಾತಿ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು, ಗಾಜಿನ ಲೋಟದಲ್ಲಿ ಹೊಂಬಣ್ಣದ್ದೇನನ್ನೋ ಗುಟುಕರಿಸುತ್ತಿದ್ದ.

"ಅದೇನಣ್ಣ ಕುಡೀತಿರೋದು?" ಸೆವ್ದಾ ಕೇಳಿದಳು.

"ಕುಂಬಳಕಾಯಿ ನೀರು ಕಣಮ್ಮ. ಹೋಳು ಮನೆಗೆ ಬಂದೋರಿಗೆ, ನಾನು ಮುಟ್ಟೋ ಹಾಗಿಲ್ಲ, ಅದು ಸಿಹಿತಿಂಡಿ ಲೆಕ್ಕ ಅಂತೆ. ಅದರ ನೀರಿಗೆ ಅಡ್ಡಿಯಿಲ್ಲ ಅಂತ ನಿಮ್ಮಕ್ಕನ ಅಪ್ಪಣೆ ಆಗಿದೆ."

ಒಲೆಯ ಹತ್ತಿರದಿಂದಲೇ ಸಬಿಹಾ ದನಿಗೂಡಿಸಿದಳು. "ತರಕಾರಿ ಸಿಸ್ಟರಮ್ಮ, ತರಕಾರಿ. ಬೇಯಿಸುವಾಗ ಒಂದು ಹನಿ ನೀರು ಹಾಕಿಲ್ಲ ನಾನು. ಅದು ಕುಂಬಳಕಾಯಿ ತಾನೇ ಬಿಟ್ಟಿರೋ ನೀರು. ಸತ್ವ ಎಲ್ಲ ಅದರಲ್ಲೇ ಇರುತ್ತೆ."

ಸೆವ್ದಾ ಕೈಲಿದ್ದ ಪಟ್ಟಿಯನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಹೋದಳು. "ಹೇಗೆ ಮಾಡ್ತೀರಿ, ಒಂದು ಸಲ ತೋರಿಸಿ ಅಕ್ಕ."

ತೋರಿಸುವುದಕ್ಕೇನು, ಸಬಿಹಾ ಅದೇ ಕೆಲಸದಲ್ಲಿದ್ದಳು. ಹೋಳುಗಳನ್ನು ತಾಮ್ರದ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮೇಲೆ ಬೊಗಸೆ ಬೊಗಸೆ ಸಕ್ಕರೆ ಸುರಿದು ಬಟ್ಟೆ ಮುಚ್ಚಿದಳು.

"ಈಗ ಇಟ್ಟುಬಿಟ್ರೆ ಆಯ್ತು. ಬೆಳಗ್ಗೆ ನೋಡಿದ್ರೆ ಸಕ್ಕರೆ ಒಂದು ಕಾಳೂ ಕಾಣಲ್ಲ. ತಳದಲ್ಲಿ ಬರೀ ನೀರು. ಆ ನೀರಲ್ಲೇ ಬೇಯಿಸ್ತೀನಿ."

"ಹಾಗಾದ್ರೆ ಸಕ್ಕರೆ ಎಲ್ಲಿಗೆ ಹೋಯ್ತಕ್ಕ?"

"ಎಲ್ಲಿಗೆ ಹೋಗುತ್ತೆ, ಕರಗಿ ನೀರಿಗೆ..."

ಸಬಿಹಾ ಬಟ್ಟೆ ಸರಿಸಿ ಪಾತ್ರೆಯಲ್ಲಿದ್ದ ಸಕ್ಕರೆಯನ್ನು ನೋಡಿದಳು. ಮಣೆಯ ಮೇಲೆ ಕುಸಿದು ಕೂತಳು. ಅವಳೇನು ದಡ್ಡಿಯಲ್ಲ. ಅದು ಕಾಯಿ ತಾನೇ ಬಿಟ್ಟ ನೀರು ಎಂದೇ ಅವಳ ಅಮ್ಮ ಹೇಳುತ್ತಿದ್ದಳು, ಅಮ್ಮನ ಅಮ್ಮನೂ ಹಾಗೇ ಹೇಳುತ್ತಿದ್ದಳು. ಆ ಸೀಮೆಯಲ್ಲಿ ಎಲ್ಲರ ಮನೆಯ ಮಾತೂ ಅದೇ. ಆದರೂ ಮಾಡಿದ್ದು ಅವಳೇ. ಬೆರಳು ಉಳಿಯಲಿ ಎಂದು ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಂಡು, ತನ್ನ ಕೈಯಾರೆ ಗಂಡನಿಗೆ ಸಕ್ಕರೆ ಪಾಕ ಕುಡಿಸಿದ್ದಳು.

"ಈ ಕೆಟ್ಟ ಕಾಯಿ ನಮ್ಮನೆಯಲ್ಲಿ ಇರೋದೇ ಬೇಡ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಎಲ್ಲಾ ಎಮ್ಮೆಗೆ ಹಾಕಿಬಿಡ್ತೀನಿ."

"ಕಾಯಿ ಏನು ಮಾಡ್ತು ಅಕ್ಕ? ಅದರಲ್ಲಿ ನಾರಿದೆ, ಕಣ್ಣಿಗೆ ಬೇಕಾದ ಸತ್ವ ಇದೆ. ತಪ್ಪು ನಾವು ಮೇಲೆ ಸುರಿದದ್ದರದ್ದು. ಇನ್ನೊಂದು ಕಾಯಿ ತನ್ನಿ, ಇವತ್ತು ಇಬ್ಬರೂ ಸೇರಿ ಮಾಡೋಣ."

ಸೆವ್ದಾ ಹೊಸ ಕಾಯಿಯನ್ನು ಸಿಪ್ಪೆಸಮೇತ ದಪ್ಪ ಹೋಳು ಮಾಡಿ, ಚೂರು ದಾಲ್ಚಿನ್ನಿ ಪುಡಿ ಉದುರಿಸಿ, ಸೌದೆ ಒಲೆಯೊಳಗಿನ ಸುಡುವ ಗೂಡಿಗೆ ತಳ್ಳಿದಳು. ಒಲೆಯ ಮೇಲೆ ಸಬಿಹಾ ಈರುಳ್ಳಿಯನ್ನು ಒಂದು ಚಮಚ ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಕೆಂಪು ಬೇಳೆ, ಕುಂಬಳದ ತುಂಡು, ಜೀರಿಗೆ ಹಾಕಿ ಸಾರಿಗಿಟ್ಟಳು. ಉಪ್ಪಿನ ಡಬ್ಬಿಗೆ ಕೈಹಾಕಿದಾಗ, "ಅದಕ್ಕೂ ಸ್ವಲ್ಪ ಕೈ ಬಿಗಿ ಇರಲಿ," ಎಂದು ಸೆವ್ದಾ ನಕ್ಕಳು. ಬೀಜಗಳನ್ನು ಎಸೆಯಲು ಬಿಡಲಿಲ್ಲ. ತೊಳೆದು ಒಣಗಿಸಿ, ಉಪ್ಪಿಲ್ಲದೆ ಹುರಿದು, ಮಧ್ಯಾಹ್ನ ಚಹಾದ ಜೊತೆ ಒಂದು ಹಿಡಿ ಕೊಡಬೇಕೆಂದಳು.

ಆಚೆಯಿಂದ ನೆಜಾತಿಯ ಗೊಣಗಾಟ ಕೇಳಿಸಿತು. "ಸಕ್ಕರೆ ಇಲ್ಲದ ಕುಂಬಳ ದನಗಳಿಗೆ ಹಾಕೋದು. ನನ್ನನ್ನೂ ಕೊಟ್ಟಿಗೇಲಿ ಕಟ್ಟಿಬಿಡಿ ಅತ್ಲಾಗೆ."

"ಕಟ್ತಿದ್ದೆ," ಎಂದಳು ಸಬಿಹಾ. "ಅಲ್ಲಿ ಕುಂಬಳಕಾಯಿ ತುಂಬಿದೆ. ನಿಮಗೆ ಜಾಗ ಇಲ್ಲ."

ಬಿಸಿ ಸಾರನ್ನು ಅವನು ತಳದವರೆಗೂ ಮುಗಿಸಿದ. ಅಂಚು ಕಂದಿದ ಹೋಳಿನ ಮೇಲೆ ಸಬಿಹಾ ಪುಡಿ ಮಾಡಿದ ಅಕ್ರೋಟು ಉದುರಿಸಿ ಕೊಟ್ಟಳು. ಒಂದು ಚಮಚ ಬಾಯಿಗಿಟ್ಟು ಹೆಂಡತಿಯ ಮುಖ ನೋಡಿದ.

"ಕದ್ದು ಸಕ್ಕರೆ ಹಾಕಿದ್ದೀಯ. ಸುಳ್ಳು ಹೇಳ್ಬೇಡ."

"ನಿಮ್ಮಾಣೆ ಹಾಕಿಲ್ಲ. ಬೆಂಕಿಗೆ ಹೋದ್ರೆ ಅದರ ಸಿಹಿ ತಾನೇ ಏಳುತ್ತಂತೆ."

ಇನ್ನೊಂದಕ್ಕೆ ಅವನು ಕೈಚಾಚಿದಾಗ ಸೆವ್ದಾ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಅದರದ್ದೇ ಸಿಹಿ ಇದೆಯಲ್ಲಣ್ಣ, ಅದಕ್ಕೂ ಮಿತಿ ಬೇಕು. ಹೋಳು ತಿಂದ ದಿನ ರೊಟ್ಟಿ ಕಡಿಮೆ ಮಾಡಿ. ಕುಂಬಳಕಾಯಿ ತಿಂತಿದ್ದೀನಿ ಅಂತ ಮಾತ್ರೆ ಬಿಟ್ರೆ ಮಾತ್ರ ನಾನು ಸುಮ್ಮನಿರಲ್ಲ."

ಪಾಕದ ಲೋಟ ಅಂದಿಗೆ ನಿಂತಿತು. ಮಾತ್ರೆ, ಪಟ್ಟಿ, ಪಥ್ಯ ಮೂರೂ ತಪ್ಪಲಿಲ್ಲ. ಸಕ್ಕರೆ ನಿಧಾನವಾಗಿ ಇಳಿಯಿತು, ಹುಣ್ಣಿನ ಅಂಚು ಒಣಗುತ್ತಾ ಬಂತು. ಮೊದಲ ಮಂಜು ಬೀಳುವ ಹೊತ್ತಿಗೆ ಪಟ್ಟಣದ ಆಸ್ಪತ್ರೆಗೆ ಹೋದರು. ಡಾಕ್ಟರು ಬೆರಳನ್ನು ಒತ್ತಿ, ತಿರುಗಿಸಿ ನೋಡಿ, "ಇದಕ್ಕೆ ಇನ್ನು ಭಯವಿಲ್ಲ. ಹೀಗೇ ನೋಡಿಕೊಳ್ಳಿ," ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತದ್ದೇ ಸಬಿಹಾಳಿಗೆ ಅಳು ಒತ್ತರಿಸಿಕೊಂಡು ಬಂತು. ಅಷ್ಟು ದಿನ ಹೊತ್ತ ಹೊರೆ ಅಲ್ಲೇ ಇಳಿಯಿತು.

"ಬೆರಳು ಇದೆಯಲ್ಲೇ, ಇನ್ಯಾಕೆ ಅಳ್ತೀಯ?" ಎಂದ ನೆಜಾತಿ.

"ಇದೆ ಅಂತಲೇ ಅಳ್ತಿರೋದು. ಸುಮ್ನೆ ಕೂತ್ಕೊಳ್ಳಿ," ಎಂದಳು ಅವಳು, ಅವನ ತೋಳು ಬಿಡದೆ.

ನೀವೂ ನಿಮ್ಮ ಮನೆಯವರಿಗೆ ಪ್ರೀತಿಯಿಂದಲೇ ಬಡಿಸುತ್ತೀರಿ. ಒಳ್ಳೆಯದೆಂದು ಕೊಡುವ ಲೋಟದಲ್ಲಿ ಏನೇನು ಕರಗಿದೆ ಎಂದು ಒಮ್ಮೆ ಯೋಚಿಸಿ. ಸಂಶಯ ಬಂದರೆ ಹತ್ತಿರದ ಆರೋಗ್ಯ ಕಾರ್ಯಕರ್ತೆಯನ್ನು ಕೇಳಲು ಸಂಕೋಚ ಬೇಡ. ಸಕ್ಕರೆ ಕಾಯಿಲೆ ಇದ್ದವರ ಪಾದವನ್ನು ದಿನವೂ ನೋಡಿ, ಸಣ್ಣ ಗಾಯವಾದರೂ ತೋರಿಸಿ. ಸಿಹಿಗುಂಬಳವನ್ನು ಖಂಡಿತ ತನ್ನಿ, ಸಾರು ಮಾಡಿ, ಪಲ್ಯ ಮಾಡಿ, ಬೀಜ ಹುರಿಯಿರಿ. ಸಕ್ಕರೆ ಡಬ್ಬಿಗೆ ಕೈಹಾಕುವ ಮುಂಚೆ ಒಂದೇ ಒಂದು ಹೋಳನ್ನು ಹಾಗೇ ಸುಟ್ಟು ಬಾಯಿಗೆ ಹಾಕಿಕೊಂಡು ನೋಡಿ.