ಆಸ್ಟಾಳ ಮೂರು ಉಂಡೆ

ನಮ್ಮ ವೃದ್ಧಾಶ್ರಮದಲ್ಲಿ ಗುರುವಾರವೆಂದರೆ ಮಾಂಸದುಂಡೆ, ಅನ್ನ. ಹಂದಿಯ ಖೈಮಾಕ್ಕೆ ಈರುಳ್ಳಿ, ಮೊಟ್ಟೆ, ಹಿಟ್ಟು ಕಲಸಿ ಉಂಡೆ ಕಟ್ಟಿ ಬೇಯಿಸುತ್ತೇನೆ. ಬೆಂದ ನೀರಿಗೇ ಕರ್ರಿ ಪುಡಿ, ಕೆನೆ ಸೇರಿದರೆ ಹಳದಿ ಸಾರು. ಡೆನ್ಮಾರ್ಕಿನಲ್ಲಿ ಹುಟ್ಟಿದವರು ಸಾಯುವ ಹಿಂದಿನ ದಿನವೂ ಕೇಳುವ ಊಟ ಅದು.

ಆಸ್ಟಾ ಅದನ್ನು ತಿಂದು ಆರು ತಿಂಗಳಾಗಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಅವಳ ಗಂಟಲು ಹತೋಟಿಯಲ್ಲಿರಲಿಲ್ಲ. ಅದೇ ಉಂಡೆ, ಅದೇ ಅನ್ನವನ್ನು ರುಬ್ಬಿ, ಬೆಣ್ಣೆ, ಪ್ರೋಟೀನ್ ಪುಡಿ ಬೆರೆಸಿ, ಅಚ್ಚಿಗೆ ಹಾಕಿ ಮತ್ತೆ ಉಂಡೆ ಮಾಡಿ ಕೊಡುತ್ತಿದ್ದೆ. ಪೌಷ್ಟಿಕತೆಯಲ್ಲಿ ಅದೇ ಒಂದು ಕೈ ಮೇಲು.

"ಯಾರೋ ಅಗಿದು ಉಗಿದಂಗಿದೆ," ಅನ್ನುತ್ತಿದ್ದಳು.

ರುಬ್ಬಿದ್ದು ತಿನ್ನುವವರಿಗೆ ಮೂಲೆಯ ಮೇಜು. ಕಿಟಕಿ ಬಳಿಯ ದೊಡ್ಡ ಮೇಜಿನಲ್ಲಿ, ಮುದುಕಿಯರಿಗೆಲ್ಲ ಅಚ್ಚುಮೆಚ್ಚಿನ ವಿಧುರ ಹರಾಲ್ಡನ ಪಕ್ಕದಲ್ಲಿದ್ದ ಆಸ್ಟಾಳ ಕುರ್ಚಿಯಲ್ಲಿ ಈಗ ಅವಳ ಗೆಳತಿ ಗೆರ್ಡಾ ಕೂರುತ್ತಿದ್ದಳು.

ಆ ಗುರುವಾರ ನುಂಗುವ ಪರೀಕ್ಷೆ. ಕೆಮ್ಮದೆ ಮೂರು ಉಂಡೆ ಮುಗಿಸಿದರೆ ಕುರ್ಚಿ ವಾಪಸ್. ಮೃದುವಾಗಲೆಂದು ನಾನು ಒಂದು ಮೊಟ್ಟೆ ಹೆಚ್ಚೇ ಹಾಕಿದ್ದೆ.

"ಬಾಯಲ್ಲಿ ತುತ್ತಿದ್ದಾಗ ಮಾತಿಲ್ಲ, ನಗು ಇಲ್ಲ," ಎಂದಳು ಪರೀಕ್ಷೆ ಮಾಡಲು ಬಂದಿದ್ದ ಪಿಯಾ.

"ಗೆರ್ಡಾ ಪಕ್ಕದಲ್ಲಿರ್ಲಿ. ನಂಗೆ ಧೈರ್ಯ," ಎಂದಳು ಆಸ್ಟಾ.

ಗೆರ್ಡಾ ಬಂದು ಕೂತಳು. "ತಿನ್ನೇ ಮುದುಕಿ. ಅಲ್ಲಿ ಹರಾಲ್ಡ್ ಕಾಯ್ತಾ ಇದಾನೆ."

ಮೊದಲ ಉಂಡೆ ಸಲೀಸಾಗಿ ಇಳಿಯಿತು. ಆಸ್ಟಾಳ ಕಣ್ಣು ತುಂಬಿತು. ಎರಡನೆಯದನ್ನು ನಿಧಾನವಾಗಿ ಅಗಿದು, ನುಂಗಲೆಂದು ಗದ್ದ ತಗ್ಗಿಸಿದಳು. ಆ ಗಳಿಗೆಗೇ ಕಾದಿದ್ದವಳಂತೆ ಗೆರ್ಡಾ ಅವಳ ಕಿವಿಗೆ ಬಾಗಿದಳು.

"ಲೇ, ನಿನ್ ಮದ್ವೇಲಿ ಪಾದ್ರಿ ಕಟ್ಟಿಸ್ಕೊಂಡಿದ್ದ ಹಲ್ಲು ಸೂಪಿಗೆ ಬಿದ್ದಿತ್ತಲ್ಲ! ನಿಮ್ಮತ್ತೆ ಮೂಳೆ ಅಂತ ಚೀಪಿದ್ಲಲ್ಲ!"

ಆಸ್ಟಾಳಿಗೆ ನಗು ಉಕ್ಕಿತು. ಮರುಕ್ಷಣ ಮುಖ ನೀಲಿಯಾಯಿತು. ಪಿಯಾ ಅವಳನ್ನು ಬಗ್ಗಿಸಿ ಬೆನ್ನಿಗೆ ಗುದ್ದಿ ಗುದ್ದಿ ತುತ್ತನ್ನು ಹೊರಗೆ ಹಾಕಿಸಿದಳು.

"ಇನ್ನು ಮೂರು ತಿಂಗಳು ರುಬ್ಬಿದ್ದೇ," ಎಂದು ಬರೆದುಕೊಂಡಳು. "ಬೇಜಾರು ಮಾಡ್ಕೋಬೇಡಿ. ಅದ್ರಲ್ಲೇ ನಿಮ್ಮ ತೂಕ ಎರಡು ಕಿಲೋ ಏರಿದೆ."

ನನಗೆ ತಡೆಯಲಾಗಲಿಲ್ಲ. "ಅವಳು ಬೇಕಂತಲೇ ನಗಿಸಿದ್ಲು."

"ದೊಡ್ಡ ಮೇಜಲ್ಲಿ ಯಾರೂ ನಗಿಸಲ್ವಾ?" ಎಂದಳು ಪಿಯಾ.

"ಗೆರ್ಡಾನ್ನ ಬೈಬೇಡಿ," ಆಸ್ಟಾ ಏದುಸಿರಲ್ಲೇ ಹೇಳಿದಳು. "ನಾನು ನಗಬಾರ್ದಿತ್ತು."

ಗೆರ್ಡಾ ಒಂದು ಕೈಯಲ್ಲಿ ಅವಳ ಬೆನ್ನು ನೀವುತ್ತ, ಇನ್ನೊಂದರಲ್ಲಿ ತಟ್ಟೆ ಎಳೆದುಕೊಂಡಳು.

"ಇನ್ನೊಂದು ಉಂಡೆ ಉಳಿದಿದೆಯಲ್ಲ, ಯಾಕೆ ಹಾಳು ಮಾಡೋದು?"