ಮಾವನ ಕತ್ತರಿ, ನನ್ನ ಬೀನ್ಸ್

ನನ್ನ ಮಾವ ಕ್ಷೌರಿಕರು. ಒಬ್ಬ ಗಿರಾಕಿಯ ಕಿವಿಗೆ ಕತ್ತರಿ ತಾಗಿಸಿದ್ದೇ ತಡ, "ಅಪ್ಪ, ಕೈ ನಡುಗ್ತಿದೆ, ಮನೇಲಿ ಆರಾಮಾಗಿರಿ" ಎಂದು ನನ್ನ ಗಂಡ ಅವರನ್ನು ಅಂಗಡಿಯಿಂದ ಕಳಿಸಿಬಿಟ್ಟರು. ಆರಾಮವಂತೆ ಆರಾಮ! ಮೊದಲ ವಾರವೇ ಪರದೆಯ ಕುಚ್ಚು, ಕಾಲೊರಸಿನ ಅಂಚು, ಕೊನೆಗೆ ಪೊರಕೆಗೂ ಕ್ಷೌರವಾಯಿತು. ಕತ್ತರಿಸಲು ಏನೂ ಸಿಗದೆ ಕೂತಾಗ ಮಾತ್ರ ಅವರ ಮುಖ ನೋಡಲಾಗುತ್ತಿರಲಿಲ್ಲ. ಅಂಗಡಿ ಬಿಟ್ಟ ಮೇಲೆ ಮನುಷ್ಯ ಅರ್ಧವಾಗಿದ್ದರು.

ಹಿತ್ತಲಲ್ಲಿ ನಾನು ಫಾವಾ ಬೀನ್ಸ್ ಹಾಕಿದ್ದೆ. ಬಳ್ಳಿಯಲ್ಲ, ಸೊಂಟದೆತ್ತರ ನೆಟ್ಟಗೆ ನಿಲ್ಲುವ ಗಿಡ. ಹೂವಿನ ಬುಡದಲ್ಲಿ ಎಳೆಗಾಯಿ ಇಣುಕುತ್ತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಎಲ್ಲ ಗಿಡಗಳ ತುದಿಯೂ ಮಾಯ!

"ಮಾವ! ನನ್ನ ಹೊಟ್ಟೆ ಉರಿಸೋಕೆ ನಿಮಗೆ ಬೇರೆ ದಾರಿ ಸಿಗಲಿಲ್ವಾ?"

"ಗಿಡದ ನೆತ್ತಿ ಮೇಲೆ ರಸ ಹೀರೋ ಕರೀ ಹೇನು ಕೂತಿತ್ತಮ್ಮ. ಅಂಥ ತಲೆ ನೋಡ್ಕೊಂಡು ಸುಮ್ನೆ ಇರೋಕಾಗುತ್ತಾ?"

ಊಟ ಬಡಿಸಿದೆ, ಮಾತು ಬಡಿಸಲಿಲ್ಲ.

ಆದರೆ ಪಕ್ಕದ ಮನೆಯ ಟೀಚರ್ ಹಾಕಿದ್ದ ಬೀನ್ಸ್ ಗಿಡಗಳಲ್ಲಿ ಹೇನು ತುದಿಯಿಂದ ಕೆಳಕ್ಕಿಳಿಯತೊಡಗಿತು. ನಮ್ಮವು ಮಾತ್ರ ಸ್ವಚ್ಛವಾಗಿದ್ದು, ಕಾಯಿಗಳು ಬೆರಳಿನಷ್ಟು ದಪ್ಪವಾದವು. ಟೀಚರ್ ಬೇಲಿಯ ಬಳಿ ಬಂದು, "ನಿಮ್ಮ ಮಾವನ್ನ ಸ್ವಲ್ಪ ಕಳಿಸ್ತೀರಾ?" ಎಂದರು. ಮಾವ ಕತ್ತರಿ, ಬಾಚಣಿಗೆ, ಟವೆಲ್ ಸಮೇತ ಹೊರಟರು.

"ಬಾಚಣಿಗೆ ಯಾಕೆ ಮಾವ?"

"ಕೈಗೆ ಅಭ್ಯಾಸ ಕಣಮ್ಮ."

ನನ್ನ ಗಂಡ ಬೇಲಿಯಾಚೆ ಕಣ್ಣಿಟ್ಟು ನಿಂತರು. ಎಳೆಗಾಯಿಗಳ ನಡುವೆ ಕತ್ತರಿ ನುಸುಳಿ ತುದಿಯನ್ನಷ್ಟೇ ತೆಗೆಯುತ್ತಿತ್ತು, ಒಂದು ಹೂವೂ ಉದುರಲಿಲ್ಲ. ಸಂಜೆ ನನ್ನ ಗಂಡನೇ ಹಿತ್ತಲಲ್ಲಿ ಸ್ಟೂಲ್ ಹಾಕಿ, ಕೊರಳಿಗೆ ಟವೆಲ್ ಸುತ್ತಿ ಕೂತರು. "ಅಪ್ಪ, ನಂಗೂ ಒಂದ್ಸಲ."

ಈಗ ಮಾವನ ಕೈ ಗಡಗಡ ನಡುಗಿತು. "ಗಿಡಕ್ಕೆ ನೋವಾದ್ರೆ ಕೂಗಲ್ಲ ಕಣೋ. ನೀನು ಕೂಗ್ತೀಯ."

"ಕೂಗಲ್ಲ. ಶುರು ಮಾಡಿ."

ನಾನು ಅರಿಶಿನದ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತೆ. ರಕ್ತ ಬರಲಿಲ್ಲ, ದೇವರು ದೊಡ್ಡವನು. ಆದರೆ ಬಲಗಡೆಯ ಕೂದಲು ಎಡಗಡೆಗಿಂತ ಚೆನ್ನಾಗಿಯೇ ಗಿಡ್ಡವಾಗಿತ್ತು. ನಾನು ಕಿಸಕ್ಕೆಂದೆ, ಗಂಡ ನನ್ನತ್ತ ಕಣ್ಣು ಬಿಟ್ಟರು.

ಮರುದಿನ ನಾನು ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದಾಗ ನನ್ನ ಗಂಡ ಅದೇ ಸೊಟ್ಟ ತಲೆಯಲ್ಲಿ ನಿಂತಿದ್ದರು. ಗಿರಾಕಿಯೊಬ್ಬ ಒಳಗೆ ಬಂದವನೇ, "ಅಯ್ಯೋ, ಇದ್ಯಾರ ಕೆಲಸ?" ಎಂದ.

"ನಮ್ಮಪ್ಪಂದು. ಇವತ್ತಿಂದ ಮತ್ತೆ ಬರ್ತಿದ್ದಾರೆ. ಕೂತ್ಕೊಳ್ಳಿ, ನಿಮ್ದೂ ಅವರೇ ಮಾಡ್ತಾರೆ."

ಗಿರಾಕಿ ನನ್ನ ಗಂಡನ ತಲೆ ನೋಡಿದ. ಕುರ್ಚಿಯ ಹಿಂದೆ ಟವೆಲ್ ಬಿಡಿಸಿ ಹಿಡಿದು ಕಾಯುತ್ತಿದ್ದ ಮಾವನ ಮುಖ ನೋಡಿದ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತ.