ಕಾಲಡಿಯ ಕೌದಿ

ಹಾಡುವಾಗ ಅಕ್ಕ ವರ್ಡಿಯ ಬಲಗಾಲು ಸುಮ್ಮನಿರುವುದಿಲ್ಲ. ನಮ್ಮ ಕಣಿವೆಯಲ್ಲಿ ಹಲಗೆ ನೆಲಕ್ಕೆ ಬಡಿಯುವ ಆ ಕಾಲೇ ಹಾಡಿಗೆ ತಾಳ. ನಾಕ್ಸ್‌ವಿಲ್ಲಿನ ರೇಡಿಯೋದಲ್ಲಿ ಮಾತ್ರ ಅದು ಬಡಗಿಯ ಸುತ್ತಿಗೆಯಂತೆ ಕೇಳುತ್ತದೆಂದು ಮ್ಯಾನೇಜರ್ ಪ್ಲಮ್ಲೀ ಮುಖ ಸಿಂಡರಿಸಿದ್ದರು. ಹಾಗಾಗಿ ಬೆಳಗಿನ ಐದೂವರೆಯ ಕಾರ್ಯಕ್ರಮಕ್ಕೆ, ಸದ್ದಡಗಲೆಂದು, ಅಮ್ಮ ಹೊಲಿದ ಕೌದಿಯನ್ನು ಮಡಚಿ ಅವಳ ಬರಿಗಾಲಡಿ ಹಾಸುವುದು, ಆಮೇಲೆ ಹಿಂದೆ ನಿಂತು ಗಿಟಾರ್ ನುಡಿಸುವುದು ನನ್ನ ಕೆಲಸ. ಮೈಕಿನ ಮುಂದೆ ನಾನು ಬಾಯಿ ಬಿಟ್ಟವಳಲ್ಲ.

ಎರಡು ವರ್ಷದಲ್ಲಿ ಇದು ನಮಗೆ ನಾಲ್ಕನೆಯ ರೇಡಿಯೋ ಕೇಂದ್ರ. ಕೇಳುಗರು ಮೆಚ್ಚಿ ಬರೆಯುವ ಕಾರ್ಡು ಕಡಿಮೆಯಾದರೆ ನಾವು ಗಂಟು ಕಟ್ಟಬೇಕು. ಸಾವಿರದ ಒಂಬೈನೂರ ಮೂವತ್ತಾರರ ಮಾರ್ಚಿನಲ್ಲಿ ಪ್ಲಮ್ಲೀ ಗಡುವು ಕೊಟ್ಟರು: ಶನಿವಾರದೊಳಗೆ ಇನ್ನೂರು ಕಾರ್ಡು, ಇಲ್ಲವಾದರೆ ನಮ್ಮ ಹದಿನೈದು ನಿಮಿಷದ ಕಾರ್ಯಕ್ರಮ ಇನ್ನೊಬ್ಬರಿಗೆ. ಕಾರ್ಡು ಬರೆಯಿರೆಂದು ವರ್ಡಿ ಪ್ರಸಾರದಲ್ಲೇ ಬೇಡಿಕೊಂಡಳು. ಬಿಡಾರದಲ್ಲಿ ಕಿಟಕಿಗೂ ಬಾಗಿಲಿಗೂ ತಿರುಗಾಡಿದಳು.

ಶುಕ್ರವಾರ ಮಧ್ಯಾಹ್ನ ನಮ್ಮ ಕಣಿವೆಯಿಂದ ಬಂದ ಲಾರಿ ಬಿಡಾರದ ಮುಂದೆ ನಿಂತಿತು. ಎಲ್ಬರ್ಟ್ ಮಾವ, ಅಮ್ಮ, ನೆರೆಯ ಹನ್ನೊಂದು ಜನ, ಜಾಡಿ ತುಂಬ ಸೇಬಿನ ಪಾಕ. ಒಬ್ಬರ ಕೈಯಲ್ಲೂ ಕಾರ್ಡಿಲ್ಲ. ಅಮ್ಮ ವರ್ಡಿಯ ಮುಖ ನೋಡಲಿಲ್ಲ. ಮೆಟ್ಟಿಲ ಮೇಲೆ ಕೂತು ಅವಳ ಬಲ ಪಾದವನ್ನು ಮಡಿಲಿಗೆಳೆದುಕೊಂಡು ಕೀಲು ಕೀಲು ಒತ್ತಿದಳು.

"ಈ ವಾರ ಬ್ಯಾಟರಿ ರೇಡಿಯೋ ತಂದೆ ಕಣೆ," ಅಂದರು ಮಾವ. "ಮೊದಲನೇ ಹಾಡಿಗೇ ನಿಮ್ಮಮ್ಮ ಎದ್ದುಬಿಟ್ಳು. ಮಗಳ ಗಂಟಲಿದೆ, ಕಾಲಿನ ಸದ್ದೇ ಇಲ್ಲ, ಮುರ್ಕೊಂಡಿರ್ಬೇಕು ಅಂತ. ಅವತ್ತಿಂದ ಊಟ ಇಲ್ಲ."

"ಕಾರ್ಡು ಬರೀಬಹುದಿತ್ತಲ್ಲ ಮಾವ," ಅಂದಳು ವರ್ಡಿ.

"ಕಾರ್ಡು ಬಂದು ನಿನ್ನ ಕಾಲು ನೋಡುತ್ತದೇನೇ?"

ಎಲ್ಲರೂ ನಕ್ಕರು. ವರ್ಡಿಯೂ ನಕ್ಕಳು, ಆದರೆ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಅವರೆಲ್ಲ ಕೇಂದ್ರದ ಪಡಸಾಲೆಯಲ್ಲಿ, ಅಲ್ಲಿದ್ದ ರೇಡಿಯೋ ಸುತ್ತ ಕೂತರು. ಒಳಗೆ ಪ್ಲಮ್ಲೀ ಕಾರ್ಡಿನ ಕಟ್ಟು ಎತ್ತಿ ತೋರಿಸಿದರು. ಎಂಬತ್ತೂ ಇದ್ದಿರಲಾರದು. ಆದರೂ ಸೋಮವಾರದ ಟಪಾಲಿನವರೆಗೆ ಕಾಯುತ್ತೇನೆ, ಅಚ್ಚುಕಟ್ಟಾಗಿ ಹಾಡಲಿ ಎಂದರು. ವರ್ಡಿ ತಲೆಯಾಡಿಸಿ ಚಪ್ಪಲಿ ಕಳಚಿ ಬದಿಗಿಟ್ಟಳು. ಪ್ರಸಾರದ ಕೆಂಪು ದೀಪ ಹತ್ತುವುದರಲ್ಲಿತ್ತು. ಕೌದಿ ನನ್ನ ಕಂಕುಳಲ್ಲಿತ್ತು. ನಾನು ಹಾಸಲಿಲ್ಲ.

ಅವಳು ಬರಿ ನೆಲ ನೋಡಿದಳು, ನನ್ನನ್ನು ನೋಡಿದಳು. ದೀಪ ಹತ್ತಿತು. ಬಗ್ಗಿ ಮತ್ತೆ ಚಪ್ಪಲಿ ಮೆಟ್ಟಿಕೊಂಡಳು. ಹಾಡಿನ ಎರಡನೇ ಸಾಲಿಗೆ ಅವಳ ಹಿಮ್ಮಡಿ ನೆಲಕ್ಕೆ ಬಿತ್ತು. ಗಾಜಿನಾಚೆ ಪ್ಲಮ್ಲೀ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಪಡಸಾಲೆಯಿಂದ ಹದಿಮೂರು ಜನರ ಕಾಲಿನ ತಾಳ ಗೋಡೆ ದಾಟಿ ಬಂತು.

"ಯಾರು ತೆಗೆದದ್ದು ಆ ಕೌದೀನ?" ಹಾಡು ಮುಗಿದ ಮೇಲೆ ಪ್ಲಮ್ಲೀ ಕೇಳಿದರು.

"ನಾನೇ," ಅಂದೆ. ಆ ಕೋಣೆಯಲ್ಲಿ ನಾನಾಡಿದ ಮೊದಲ ಮಾತು.

ಪ್ಲಮ್ಲೀ ಸೋಮವಾರದ ಟಪಾಲಿಗೆ ಕಾಯಲಿಲ್ಲ; ನಮ್ಮ ಕಾರ್ಯಕ್ರಮ ಅಂದೇ ಮುಗಿಯಿತು. ಕೌದಿಯನ್ನು ಅಮ್ಮನಿಗೆ ಕೊಟ್ಟೆ. ವರ್ಡಿ ಆಗಲೇ ನಿಲ್ದಾಣದಲ್ಲಿ ಬಸ್ಸಿನ ವೇಳಾಪಟ್ಟಿಯ ಮುಂದೆ ನಿಂತು ಊರುಗಳ ಹೆಸರು ಓದುತ್ತಿದ್ದಳು, ಹಿಮ್ಮಡಿ ಕುಟ್ಟುತ್ತ.